ಪಿಟ್ ತುಂಬಿದೆ ಅಂತ ಗಾಡಿ ಕರೆಸುವ ಮುಂಚೆ: ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿಯ ದೋಷ ಪತ್ತೆ ಮಾಡುವ ಬಗೆ

ಕಮೋಡ್‌ನಲ್ಲಿ ನೀರು ಸ್ವಲ್ಪ ನಿಧಾನಕ್ಕೆ ಇಳಿದರೆ ಸಾಕು, ಯಾರಾದರೂ ಹೇಳಿಯೇ ಬಿಡುತ್ತಾರೆ: "ಪಿಟ್ ತುಂಬಿದೆ, ಸಕ್ಕಿಂಗ್ ಗಾಡಿಗೆ ಫೋನ್ ಮಾಡಿ." ಗಾಡಿ ಬರುತ್ತದೆ, ಎಳೆದುಕೊಂಡು ಹೋಗುತ್ತದೆ, ದುಡ್ಡು ಕೊಡುತ್ತೇವೆ. ಎರಡು ವಾರ ಕಳೆಯುವುದರೊಳಗೆ ಮತ್ತೆ ಅದೇ ಪಾಡು. ಆಗ "ಟ್ಯಾಂಕೇ ಚಿಕ್ಕದಾಯ್ತು" ಅಂತ ಇನ್ನೊಂದು ಟ್ಯಾಂಕ್ ಕಟ್ಟಿಸುವ ಮಾತು ಶುರುವಾಗುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರಬೇಕು. ಅದು ಕೆಲಸ ಮಾಡುವುದೇ ಹಾಗೆ. ಮನೆಯಿಂದ ಒಂದು ಬಕೆಟ್ ಒಳಗೆ ಹೋದರೆ ಇನ್ನೊಂದು ತುದಿಯಿಂದ ಒಂದು ಬಕೆಟ್ ಹೊರಗೆ ಹೋಗಬೇಕು. ಗಟ್ಟಿ ಪದಾರ್ಥ ತಳದಲ್ಲಿ ಗಸಿಯಾಗಿ ಕೂರುತ್ತದೆ. ಎಣ್ಣೆ, ಜಿಡ್ಡು ಮೇಲೆ ಕೆನೆಯಾಗಿ ತೇಲುತ್ತದೆ. ನಡುವಿನ ತಿಳಿನೀರು ಇಂಗುಗುಂಡಿಗೆ ಹೋಗಿ ಮಣ್ಣಿಗೆ ಇಳಿಯುತ್ತದೆ. ಹಾಗಾಗಿ ಕೇಳಬೇಕಾದ್ದು "ತುಂಬಿದೆಯಾ?" ಅಂತ ಅಲ್ಲ, "ನೀರು ಎಲ್ಲಿ ನಿಂತಿದೆ?" ಅಂತ. ಮನೆಯ ಪೈಪಿನಲ್ಲಾ, ಟ್ಯಾಂಕಿನಲ್ಲಾ, ಮಣ್ಣಿನಲ್ಲಾ? ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳಲ್ಲಿ "ಸೆಪ್ಟಿಕ್ ಟ್ಯಾಂಕ್" ಅನ್ನುವುದು ನಿಜವಾಗಿ ತಳವೇ ಇಲ್ಲದ ಗುಂಡಿ. ಸಿಮೆಂಟ್ ರಿಂಗ್ ಇಳಿಸಿರುತ್ತಾರೆ, ಇಲ್ಲವೇ ಸೈಜುಗಲ್ಲು ಕಟ್ಟಿ ಸಂದು ಬಿಟ್ಟಿರುತ್ತಾರೆ. ಟ್ಯಾಂಕೂ ಅದೇ, ಇಂಗುಗುಂಡಿಯೂ ಅದೇ. ನಿಮ್ಮದು ಯಾವುದು ಅಂತ ಕಟ್ಟಿದ ಮೇಸ್ತ್ರಿಯನ್ನೋ ಮನೆಯ ಹಿರಿಯರನ್ನೋ ಮೊದಲು ಕೇಳಿ. ಕೆಳಗೆ ಹೇಳುವ ನೀರಿನ ಮಟ್ಟದ ಲೆಕ್ಕ, ತಳ ಹಾಕಿ ಪ್ಲಾಸ್ಟರ್ ಮಾಡಿದ ಟ್ಯಾಂಕಿಗೆ ಮಾತ್ರ.

ಚಪ್ಪಡಿ ಎತ್ತುವ ಮುಂಚೆ

ಇದನ್ನು ದಯವಿಟ್ಟು ಹಾರಿಸಿ ಮುಂದೆ ಹೋಗಬೇಡಿ.

ಟ್ಯಾಂಕಿನೊಳಗೆ ಯಾರೂ ಇಳಿಯಬಾರದು. ಒಂದು ನಿಮಿಷಕ್ಕೂ ಬೇಡ, ಖಾಲಿ ಮಾಡಿದ ಮೇಲೂ ಬೇಡ, ಬಿದ್ದ ಮೊಬೈಲ್ ಎತ್ತಲೂ ಬೇಡ. ಒಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಇಂಗಾಲದ ಡೈಆಕ್ಸೈಡ್ ತುಂಬಿರುತ್ತವೆ. ಆಮ್ಲಜನಕ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಜಾಸ್ತಿಯಾದರೆ ಮೂಗಿನ ಶಕ್ತಿಯನ್ನೇ ಸಾಯಿಸುತ್ತದೆ. "ವಾಸನೆ ಇಲ್ಲ, ಗಾಳಿ ಹೋಗಿದೆ" ಅಂತ ಇಳಿದವರು ಅಲ್ಲೇ ಕುಸಿದು ಬೀಳುವುದು ಇದೇ ಕಾರಣಕ್ಕೆ. ಒಬ್ಬರು ಬಿದ್ದರು ಅಂತ ಇನ್ನೊಬ್ಬರು ಇಳಿದು, ಅವರನ್ನು ಎತ್ತಲು ಮೂರನೆಯವರು ಇಳಿದು, ಒಂದೇ ಗುಂಡಿಯಲ್ಲಿ ಎರಡು ಮೂರು ಜನ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಯಾರಾದರೂ ಬಿದ್ದರೆ ಹಿಂದೆ ಇಳಿಯಬೇಡಿ. 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳವನ್ನು ಕೇಳಿ.

ದೀಪ ಇಳಿಸಿ ಗಾಳಿ ಪರೀಕ್ಷಿಸುವ ಹಳೆಯ ಕ್ರಮ ಬಾವಿಗೆ ಬಳಸುತ್ತಿದ್ದದ್ದು, ಇಲ್ಲಿಗೆ ಅಲ್ಲ. ಮೀಥೇನ್ ಹೊತ್ತಿಕೊಳ್ಳುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಟಾರ್ಚ್ ಸಾಕು. ಬಾಯಿಗೆ ತಲೆ ಬಗ್ಗಿಸಿ ನೋಡಬೇಡಿ. ಮುಚ್ಚಳ ಸರಿಸಿ ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಒಬ್ಬರೇ ಈ ಕೆಲಸಕ್ಕೆ ಕೈ ಹಾಕಬೇಡಿ. ಮಕ್ಕಳನ್ನು, ನಾಯಿಯನ್ನು ದೂರ ಇಡಿ. ಮುಚ್ಚಳ ತೆಗೆದ ಬಾಯಿಯನ್ನು ಬಿಟ್ಟು ಅರೆ ಗಳಿಗೆಯೂ ಒಳಗೆ ಹೋಗಬೇಡಿ.

ಕೂಲಿಯವರನ್ನು ಇಳಿಸುವುದು ಕಾನೂನಿನ ಪ್ರಕಾರವೂ ಅಪರಾಧ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ, ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. "ಇಳಿದು ಚೆನ್ನಾಗಿ ತೊಳೆದು ಕೊಡ್ತೀನಿ ಸಾರ್, ಐನೂರು ಜಾಸ್ತಿ ಕೊಡಿ" ಅಂತ ಯಾರಾದರೂ ಕೇಳಿದರೆ, ಅವರ ಕಷ್ಟ ನೋಡಿ ಬೇಕಾದರೆ ಸುಮ್ನೆ ಐನೂರು ಕೊಡಿ. ಒಳಗೆ ಮಾತ್ರ ಇಳಿಸಬೇಡಿ.

ಒಂದೇ ಕಡೆ ನೀರು ಕಟ್ಟಿದೆ, ಉಳಿದ ಕಡೆ ಸರಿ ಇದೆ

ಇದು ಎಲ್ಲಕ್ಕಿಂತ ಸುಲಭದ್ದು. ಮೇಲಿನ ಮಹಡಿಯ ಕಮೋಡ್ ಕಟ್ಟಿದೆ, ಕೆಳಗಿನದು ಸರಾಗವಾಗಿ ಹೋಗುತ್ತಿದೆ ಅಂದರೆ ಟ್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ. ಆ ಕಮೋಡಿನ ಟ್ರ್ಯಾಪ್‌ನಲ್ಲೋ ಅದರ ಪೈಪಿನಲ್ಲೋ ಏನೋ ಸಿಕ್ಕಿಕೊಂಡಿದೆ. ಸ್ಯಾನಿಟರಿ ಪ್ಯಾಡ್, ಡೈಪರ್, ಒದ್ದೆ ಟಿಶ್ಯೂ, ಕೆಲವೊಮ್ಮೆ ಮಕ್ಕಳು ಹಾಕಿದ ಆಟದ ಸಾಮಾನು. ಬಚ್ಚಲಾದರೆ ಕೂದಲು, ಸೋಪಿನ ಚೂರು.

ರಬ್ಬರ್ ಪಂಪ್ ಹಾಕಿ ನೋಡಿ. ಆಗದಿದ್ದರೆ ಪ್ಲಂಬರ್ ಸ್ಪ್ರಿಂಗ್ ಕೇಬಲ್ ಬಿಟ್ಟು ತೆಗೆಯುತ್ತಾರೆ. ಆಸಿಡ್ ಸುರಿಯಬೇಡಿ. ಕಟ್ಟಿದ ವಸ್ತು ಅದರಿಂದ ಕರಗುವುದು ಅಪರೂಪ. ಟ್ಯಾಂಕಿನಲ್ಲಿ ಕೊಳೆಸುವ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆಮೇಲೆ ಕೈ ಹಾಕುವ ಪ್ಲಂಬರ್‌ಗೆ ಸುಟ್ಟಗಾಯವಾಗುತ್ತದೆ. ಆಸಿಡ್ ಮೇಲೆ ಬ್ಲೀಚಿಂಗ್ ಹಾಕಿದರಂತೂ ಕ್ಲೋರಿನ್ ವಿಷಗಾಳಿ ಏಳುತ್ತದೆ.

ಎಲ್ಲಾ ಕಡೆ ನಿಧಾನ, ಗುಳುಗುಳು ಸದ್ದು

ಫ್ಲಶ್ ಮಾಡಿದರೆ ಬಚ್ಚಲ ಜಾಲರಿಯಲ್ಲಿ ಗುಳುಗುಳು ಅನ್ನುತ್ತದೆ. ವಾಷಿಂಗ್ ಮಷಿನ್ ನೀರು ಬಿಟ್ಟಾಗ ಕೆಳಮಹಡಿಯ ಕಮೋಡ್‌ನಲ್ಲಿ ನೀರು ಮೇಲೇರುತ್ತದೆ. ಎಲ್ಲಾ ಪೈಪುಗಳು ಸೇರುವ ಜಾಗದಿಂದ ಮುಂದೆ ಎಲ್ಲೋ ತಡೆ ಇದೆ ಅಂತ ಇದರ ಅರ್ಥ. ತಗ್ಗಿನಲ್ಲಿರುವ ಜಾಗದಲ್ಲೇ ಮೊದಲು ಗೊತ್ತಾಗುತ್ತದೆ. ಹೆಚ್ಚಾಗಿ ಅದು ಕೆಳಗಿನ ಬಚ್ಚಲು.

ಖರ್ಚಿಲ್ಲದ ಪರೀಕ್ಷೆ ಮೊದಲು. ಮನೆಗೂ ಟ್ಯಾಂಕಿಗೂ ನಡುವೆ ಇರುವ ಚೇಂಬರ್‌ನ ಮುಚ್ಚಳ ತೆಗೆಸಿ. ಒಳಗೆ ಒಬ್ಬರು ಫ್ಲಶ್ ಮಾಡಲಿ. ಚೇಂಬರ್ ಒಣಗಿದ್ದು ನೀರು ಬರದೇ ಇದ್ದರೆ, ತಡೆ ಮನೆಗೂ ಚೇಂಬರ್‌ಗೂ ನಡುವೆ. ನೀರು ಬಂದು ಸರ್ರನೆ ಟ್ಯಾಂಕಿನ ಕಡೆ ಹೋದರೆ ಪೈಪು ಸರಿ ಇದೆ. ಆಗ ಮೇಲೆ ಹೋಗಿ ವೆಂಟ್ ಪೈಪ್, ಅಂದರೆ ಒಳಗಿನ ಗಾಳಿ ಹೊರಹೋಗುವ ಪೈಪು ನೋಡಿ. ಅದರ ಬಾಯಲ್ಲಿ ಕಣಜದ ಗೂಡೋ ಹಕ್ಕಿಗೂಡೋ ಇದ್ದರೆ ಗಾಳಿ ಆಡದೆ ಇದೇ ರೀತಿ ಗುಳುಗುಟ್ಟುತ್ತದೆ. ಚೇಂಬರೇ ತುಂಬಿ ನಿಂತಿದ್ದರೆ ತಡೆ ಅದರಿಂದ ಮುಂದೆ.

ಚೇಂಬರ್ ಮತ್ತು ಟ್ಯಾಂಕಿನ ನಡುವಿನ ಪೈಪನ್ನು ಬಿದಿರ ದಬ್ಬೆಯಿಂದಲೋ ಕೇಬಲ್‌ನಿಂದಲೋ ತಿವಿದು ನೋಡಬಹುದು. ಮರದ ಬೇರು ಬಂದಿದ್ದರೆ ದಬ್ಬೆಯ ತುದಿಯಲ್ಲಿ ಕಂದು ನಾರಿನ ಎಳೆಗಳು ಸಿಕ್ಕಿ ಬರುತ್ತವೆ. ಹಳೆಯ ಮಣ್ಣಿನ ಪೈಪುಗಳ ಕೂಡಿನಲ್ಲಿ ಇದು ತೀರಾ ಸಾಮಾನ್ಯ. ಬೇರು ಕತ್ತರಿಸಿದರೆ ಒಂದೆರಡು ಮಳೆಗಾಲ ತಳ್ಳಬಹುದು, ಆಮೇಲೆ ಮತ್ತೆ ಬರುತ್ತದೆ. ಆ ಭಾಗವನ್ನು ಅಗೆದು ಪಿವಿಸಿ ಪೈಪ್ ಹಾಕಿಸುವುದೇ ನಿಜವಾದ ಪರಿಹಾರ.

ಟ್ಯಾಂಕಿನ ನೀರಿನ ಮಟ್ಟ ಹೇಳುವ ಕಥೆ

ಚೇಂಬರ್ ತುಂಬಿದೆ, ಪೈಪಿನಲ್ಲಿ ಕಸ ಇಲ್ಲ. ಹಾಗಾದರೆ ಟ್ಯಾಂಕಿನ ಮುಚ್ಚಳ ತೆಗೆಯಲೇಬೇಕು. ಹಳೆಯ ಕಡಪ ಕಲ್ಲಿನ ಚಪ್ಪಡಿಯನ್ನು ಹಾರೆ ಹಾಕಿ ಎತ್ತುವಾಗ ಅದು ತುಂಡಾಗಬಹುದು, ಅದರ ಮೇಲೆ ನಿಂತು ಎತ್ತಬೇಡಿ. ಹೊರಹೋಗುವ ಪೈಪಿನ ಕಡೆ ಮುಚ್ಚಳ ಇದ್ದರೆ ಅದನ್ನೇ ತೆಗೆಯಿರಿ. ಎಲ್ಲ ಗೊತ್ತಾಗುವುದು ಅಲ್ಲೇ.

ನೀರು ಸರಿಯಾಗಿ ಹೊರಹೋಗುವ ಪೈಪಿನ ತಳದ ಮಟ್ಟಕ್ಕೇ ನಿಂತಿದ್ದರೆ ಟ್ಯಾಂಕ್ ಆರೋಗ್ಯವಾಗಿದೆ. ಒಳಬರುವ ಪೈಪು ಇದಕ್ಕಿಂತ ಸುಮಾರು 5 ಸೆಂಟಿಮೀಟರ್ ಮೇಲೆ ಇರಬೇಕು. ಹಾಗಿದ್ದೂ ಮನೆಯಲ್ಲಿ ನೀರು ಕಟ್ಟುತ್ತಿದ್ದರೆ, ಒಳಬರುವ ಪೈಪಿನ ಬಾಯಲ್ಲಿ ಕೆನೆ ಗಟ್ಟಿಯಾಗಿ ಕೂತಿರುತ್ತದೆ. ಉದ್ದನೆಯ ಕೋಲಿನಿಂದ ಮೇಲಿನಿಂದಲೇ ಒಡೆದು ಬಿಡಬಹುದು.

ನೀರು ಹೊರಹೋಗುವ ಪೈಪನ್ನೂ ಮುಳುಗಿಸಿ ಮೇಲೆ ನಿಂತಿದ್ದರೆ, ಒಂದೋ ಆ ಪೈಪು ಕಟ್ಟಿದೆ, ಇಲ್ಲವೇ ಇಂಗುಗುಂಡಿ ಕುಡಿಯುವುದನ್ನು ನಿಲ್ಲಿಸಿದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಇಂಗುಗುಂಡಿಯ ಮುಚ್ಚಳ ತೆಗೆದು ನೋಡಿ. ಅಲ್ಲಿ ನೀರು ಕಡಿಮೆ ಇದ್ದರೆ ಪೈಪು ಕಟ್ಟಿದೆ, ಸಣ್ಣ ಕೆಲಸ. ಅಲ್ಲೂ ಅಂಚಿನವರೆಗೆ ತುಂಬಿದ್ದರೆ ಮಣ್ಣಿನ ಸಮಸ್ಯೆ, ದೊಡ್ಡ ಕೆಲಸ.

ನೀರು ಹೊರಹೋಗುವ ಪೈಪಿಗಿಂತ ತೀರಾ ಕೆಳಗೆ ಇದ್ದರೆ ಜನ ಖುಷಿಪಡುತ್ತಾರೆ, "ನಮ್ಮ ಟ್ಯಾಂಕ್ ವರ್ಷಾನುಗಟ್ಟಲೆ ತುಂಬೋದೇ ಇಲ್ಲ" ಅಂತ. ನನ್ನ ಪ್ರಕಾರ ಮೂರರಲ್ಲಿ ಕೆಟ್ಟದ್ದು ಇದೇ. ಟ್ಯಾಂಕ್ ಬಿರುಕು ಬಿಟ್ಟಿದೆ, ಕೊಳಚೆ ಸೋಸದೆ ನೇರವಾಗಿ ನೆಲಕ್ಕೆ ಹೋಗುತ್ತಿದೆ. ಹತ್ತಿರ ಬಾವಿ ಇದ್ದರೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ.

ಗಸಿ ಎಷ್ಟಿದೆ ಅಂತ ಅಳೆಯುವುದೂ ಸುಲಭ. ಟ್ಯಾಂಕಿನ ಆಳಕ್ಕಿಂತ ಉದ್ದದ ಒಂದು ಗಳ ತಗೊಳ್ಳಿ. ಅದರ ಕೆಳಗಿನ ಮೂರ್ನಾಲ್ಕು ಅಡಿಗೆ ಹಳೆಯ ಬಿಳಿ ಪಂಚೆಯ ತುಂಡು ಸುತ್ತಿ ದಾರದಿಂದ ಬಿಗಿಯಿರಿ. ಮೆಲ್ಲಗೆ ನೇರವಾಗಿ ತಳ ಮುಟ್ಟುವವರೆಗೆ ಇಳಿಸಿ, ಒಂದೆರಡು ನಿಮಿಷ ಹಿಡಿದುಕೊಂಡು, ಅಲ್ಲಾಡಿಸದೆ ಎತ್ತಿ. ಬಟ್ಟೆಯ ಕೆಳಭಾಗದಲ್ಲಿ ಕಪ್ಪು ಕಣಗಳು ಅಂಟಿ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯವರೆಗೆ ಗಸಿ. ಅದರ ಮೇಲೆ ಮಾಸಲು ಬಣ್ಣ, ಅದು ನೀರು. ಗಸಿಯೂ ಮೇಲಿನ ಕೆನೆಯೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಗಾಡಿ ಕರೆಸುವ ಸಮಯ ಬಂದಿದೆ. ದಾಟಿಲ್ಲ ಅಂದರೆ ಗಾಡಿಗೆ ಕೊಡುವ ದುಡ್ಡು ದಂಡ, ದೋಷ ಬೇರೆ ಕಡೆ ಇದೆ. ಆಮೇಲೆ ಆ ಬಟ್ಟೆಯನ್ನು ಹೂತುಬಿಡಿ, ಗಳವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಿರಿ, ಕೈಗವಸು ತೆಗೆದ ಮೇಲೂ ಕೈಗೆ ಸೋಪು ಹಾಕಿ.

ಮುಚ್ಚಳ ತೆಗೆದಾಗಲೇ ಇನ್ನೊಂದನ್ನು ನೋಡಿಬಿಡಿ. ಹೊರಹೋಗುವ ಪೈಪಿನ ಬಾಯಿಗೆ ಇಂಗ್ಲಿಷಿನ 'ಟಿ' ಆಕಾರದ ತುಂಡು ಇದೆಯಾ? ಅದರ ಕೆಳಗಿನ ಕಾಲು ಸುಮಾರು ಒಂದಡಿ ನೀರಿನೊಳಗೆ ಇಳಿದಿರಬೇಕು. ಮೇಲೆ ತೇಲುವ ಕೆನೆ ಇಂಗುಗುಂಡಿಗೆ ಹೋಗದಂತೆ ತಡೆಯುವುದೇ ಅದು. ಎಷ್ಟೋ ಟ್ಯಾಂಕುಗಳಲ್ಲಿ ಇದನ್ನು ಹಾಕಿರುವುದೇ ಇಲ್ಲ, ಗೋಡೆಯಲ್ಲಿ ಬರೀ ಪೈಪಿನ ತೂತು. ಕೆಲವು ನೂರು ರೂಪಾಯಿಯ ಪಿವಿಸಿ ತುಂಡು ಇಲ್ಲದೆ ಸಾವಿರಾರು ರೂಪಾಯಿಯ ಇಂಗುಗುಂಡಿ ಜಿಡ್ಡು ಹಿಡಿದು ಹಾಳಾಗುತ್ತದೆ. ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿಸಿದ ದಿನವೇ ಮೇಲಿನಿಂದ ಕೈಗೆ ಎಟುಕುವ ಹಾಗೆ ಹಾಕಿಸಿ.

ಖಾಲಿ ಮಾಡಿಸಿದ ಕೆಲವೇ ದಿನಕ್ಕೆ ಮತ್ತೆ ಕಟ್ಟಿತು

ಟ್ಯಾಂಕ್ ಮತ್ತೆ ತುಂಬಿತು ಅನ್ನುವುದು ಸಮಸ್ಯೆಯೇ ಅಲ್ಲ. ಐದು ಜನರ ಮನೆಯ ನೀರಿಗೆ ಟ್ಯಾಂಕ್ ಕೆಲವೇ ದಿನದಲ್ಲಿ ತುಂಬುತ್ತದೆ, ತುಂಬಲೇಬೇಕು. ತುಂಬಿದ ಮೇಲೆ ಮನೆಯೊಳಗೆ ನೀರು ಕಟ್ಟಿತು ಅನ್ನುವುದು ಸಮಸ್ಯೆ. ಅಂದರೆ ಟ್ಯಾಂಕ್ ಖಾಲಿ ಇದ್ದಷ್ಟು ದಿನ ಮಾತ್ರ ನಿಮಗೆ ನೆಮ್ಮದಿ ಸಿಕ್ಕಿತ್ತು. ನೀರು ಹೋಗುವ ದಾರಿ ಮುಚ್ಚಿಯೇ ಇತ್ತು.

ಗಾಡಿಯವರು ನೀರು ಎಳೆಯುವಾಗ ಒಂದು ಪರೀಕ್ಷೆ ಪುಕ್ಕಟೆ ಸಿಗುತ್ತದೆ, ತಪ್ಪಿಸಿಕೊಳ್ಳಬೇಡಿ. ಟ್ಯಾಂಕಿನ ಮಟ್ಟ ಹೊರಹೋಗುವ ಪೈಪಿಗಿಂತ ಕೆಳಗೆ ಇಳಿಯುತ್ತಿದ್ದಂತೆ, ದೂರ ನಿಂತು ಆ ಪೈಪಿಗೆ ಟಾರ್ಚ್ ಬಿಡಿ. ಬಾಯಿ ಒಣಗಿದ್ದರೆ ಸರಿ. ಅಲ್ಲಿಂದ ಕಪ್ಪು ನೀರು ವಾಪಸ್ ಟ್ಯಾಂಕಿಗೆ ಸುರಿಯಲು ಶುರುವಾಯಿತೋ, ಇಂಗುಗುಂಡಿ ಕಂಠಮಟ್ಟ ತುಂಬಿದೆ, ಮಣ್ಣು ಕುಡಿಯುತ್ತಿಲ್ಲ ಅಂತ ಖಚಿತ. ಇನ್ನು ಎಷ್ಟು ಸಲ ಗಾಡಿ ಕರೆಸಿದರೂ ಅಷ್ಟೇ.

ಇಂಗುಗುಂಡಿಯ ಸುತ್ತ ನೆಲ ಸದಾ ಒದ್ದೆ, ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ, ಬೇಸಿಗೆಯಲ್ಲೂ ಅಲ್ಲಿ ಮಾತ್ರ ಹುಲ್ಲು ಹಸಿರು ಚಿಮ್ಮುತ್ತದೆ ಅಂದರೂ ಇದೇ ಅರ್ಥ. ಹಾಗೆ ಮೇಲೆ ಬಂದ ನೀರಿನಲ್ಲಿ ಟೈಫಾಯಿಡ್, ಕಾಮಾಲೆ ತರುವ ರೋಗಾಣುಗಳಿರಬಹುದು. ಮಕ್ಕಳನ್ನು ಅಲ್ಲಿ ಬರಿಗಾಲಲ್ಲಿ ಆಡಲು ಬಿಡಬೇಡಿ. ಸೊಪ್ಪು, ತರಕಾರಿ ಬೆಳೆಯುವ ಮಡಿಯತ್ತ ಆ ನೀರು ಹೋಗದಂತೆ ನೋಡಿಕೊಳ್ಳಿ.

ಆದರೆ ಅಗೆಯಲು ಶುರು ಮಾಡುವ ಮುಂಚೆ ಮನೆಯ ನೀರಿನ ಲೆಕ್ಕ ನೋಡಿ. ಇಂಗುಗುಂಡಿ ಸೋತಿದ್ದಲ್ಲ, ಅದರ ಮೇಲೆ ಹೊರೆ ಜಾಸ್ತಿಯಾಗಿದೆ ಅನ್ನುವುದೂ ಉಂಟು. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಇಂಕೋ ಅಡುಗೆಯ ಬಣ್ಣವೋ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡ್ ಒಳಗೆ ಬಣ್ಣ ಕಂಡರೆ ವಾಲ್ವ್ ಸೋರುತ್ತಿದೆ. ಕಣ್ಣಿಗೆ ಕಾಣದ ಈ ಸೋರಿಕೆ ದಿನಕ್ಕೆ ನೂರಾರು ಲೀಟರ್ ನೀರನ್ನು ಗುಂಡಿಗೆ ತಳ್ಳಬಲ್ಲದು. ರಿಪೇರಿ ಮಾತ್ರ ಒಂದು ರಬ್ಬರ್ ವಾಷರ್‌ನಷ್ಟೇ. ಆರ್‌ಒ ಫಿಲ್ಟರ್‌ನ ಬೇಡದ ನೀರು, ಮೇಲಿನ ಸಿಂಟೆಕ್ಸ್ ಉಕ್ಕಿ ಹರಿಯುವ ನೀರು ಚೇಂಬರ್‌ಗೆ ಸೇರಿದೆಯಾ ನೋಡಿ.

ಇವೆಲ್ಲಕ್ಕಿಂತ ದೊಡ್ಡದು ಬಚ್ಚಲ ನೀರು. ಹಿಂದೆ ಬಚ್ಚಲ ನೀರು ತೆಂಗಿನ ಬುಡಕ್ಕೋ ಬಾಳೆಯ ಹಿಂಡಿಗೋ ಹೋಗುತ್ತಿತ್ತು. ಕಕ್ಕಸಿನ ಗುಂಡಿಗೆ ಬೀಳುತ್ತಿದ್ದುದು ಕಕ್ಕಸಿನ ನೀರು ಮಾತ್ರ. ಮನೆ ಹೊಸದು ಮಾಡಿದಾಗ ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸಿಬಿಟ್ಟೆವು. ಜೊತೆಗೆ ಶವರ್, ವಾಷಿಂಗ್ ಮಷಿನ್ ಬಂತು. ಜಾಗ ಇದ್ದರೆ ಸ್ನಾನದ ನೀರು, ಬಟ್ಟೆ ಒಗೆದ ನೀರನ್ನು ಮತ್ತೆ ಬೇರೆ ಮಾಡಿ ಗಿಡಗಳಿಗೆ ಬಿಡಿ. ಬಾವಿಯಿಂದ ದೂರ ಇರಲಿ, ನಿಂತು ಸೊಳ್ಳೆಯಾಗದಂತೆ ಇರಲಿ. ಸೋಲುತ್ತಿರುವ ಎಷ್ಟೋ ಇಂಗುಗುಂಡಿಗಳಿಗೆ ಇಷ್ಟರಿಂದಲೇ ಮತ್ತೆ ಉಸಿರು ಬರುತ್ತದೆ. ಹೊಸ ಗುಂಡಿ ತೋಡಿಸುವ ಮುಂಚೆ ನಾನು ಎಲ್ಲರಿಗೂ ಹೇಳುವ ಮೊದಲ ಮಾತು ಇದು.

ಹೊರೆ ಇಳಿಸಿದ ಮೇಲೂ ನೀರು ಇಂಗದಿದ್ದರೆ ಗುಂಡಿಯ ಗೋಡೆ, ತಳಕ್ಕೆ ಕಪ್ಪು ಲೋಳೆಯ ಪದರ ಕಟ್ಟಿದೆ. ಟ್ಯಾಂಕಿನಿಂದ ಬಂದ ಜಿಡ್ಡು, ಗಸಿಯ ಕಣ ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಅಂಗಡಿಯಲ್ಲಿ ಸಿಗುವ "ಬ್ಯಾಕ್ಟೀರಿಯಾ ಪುಡಿ"ಯಿಂದ ಈ ಪದರ ಹೋಗುತ್ತದೆ ಅಂತ ನಂಬಿ ದುಡ್ಡು ಹಾಕಬೇಡಿ. ಅದಕ್ಕೆ ಬೇಕಾದ್ದು ವಿಶ್ರಾಂತಿ. ನೀರು ಬೀಳುವುದು ನಿಂತು, ಗಾಳಿ ಆಡಿ, ತಿಂಗಳುಗಟ್ಟಲೆ ಒಣಗಿದರೆ ಪದರ ತಾನೇ ಸಾಯುತ್ತದೆ. ಅದಕ್ಕೇ ಎರಡನೇ ಇಂಗುಗುಂಡಿ ಮಾಡಿ, ನಡುವೆ ಒಂದು ಸಣ್ಣ ಚೇಂಬರ್ ಕಟ್ಟಿ, ಒಂದು ವರ್ಷ ಅದಕ್ಕೆ, ಒಂದು ವರ್ಷ ಇದಕ್ಕೆ ನೀರು ತಿರುಗಿಸುವುದು ಜಾಣತನ. ಎರಡು ಗುಂಡಿಗಳ ನಡುವೆ ವ್ಯಾಸದ ಮೂರು ಪಟ್ಟು ಅಂತರ ಬಿಡಿ, ಇಲ್ಲದಿದ್ದರೆ ಒಂದರ ನೀರು ಇನ್ನೊಂದನ್ನು ಒಣಗಲು ಬಿಡುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಕಾಟ

ಮೊದಲು ತಾರಸಿಯ ನೀರಿನ ಪೈಪು ಎಲ್ಲಿಗೆ ಹೋಗುತ್ತದೆ ನೋಡಿ. ಅದನ್ನು ಚೇಂಬರ್‌ಗೆ ಸೇರಿಸಿದ್ದರೆ ಕಾರಣ ಸಿಕ್ಕಿತು. ಬೇರೆ ಮಾಡಿಸಿ. ಅಂಗಳದ ನೀರು ಟ್ಯಾಂಕಿನ ಚಪ್ಪಡಿಯ ಸಂದಿನಿಂದ ಇಳಿಯುತ್ತಿದ್ದರೆ ಸುತ್ತ ಸ್ವಲ್ಪ ಎತ್ತರಿಸಿ ಸಿಮೆಂಟ್ ಹಾಕಿಸಿ.

ಅದಲ್ಲ ಅಂದರೆ ನೆಲವೇ ತುಂಬಿದೆ. ಕರಾವಳಿ, ಮಲೆನಾಡಿನ ತಗ್ಗಿನ ಜಾಗಗಳಲ್ಲಿ ಆಷಾಢ, ಶ್ರಾವಣದಲ್ಲಿ ಅಂತರ್ಜಲ ಅಂಗಳದ ಹತ್ತಿರಕ್ಕೇ ಏರುತ್ತದೆ. ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲೆ ಬಂದಿರುವಾಗ ಆಳದ ಇಂಗುಗುಂಡಿ ನೀರು ಕುಡಿಯುವುದಾದರೂ ಹೇಗೆ? ಅದು ಒಳಗಿನಿಂದಲೇ ತುಂಬಿಕೊಂಡಿರುತ್ತದೆ. ನೆಲದ ನೀರು 1.8 ಮೀಟರ್, ಅಂದರೆ ಆರಡಿಗಿಂತ ಮೇಲೆ ಬರುವ ಜಾಗದಲ್ಲಿ ಆಳದ ಗುಂಡಿ ಬೇಡ ಅಂತಲೇ ನಮ್ಮ ದೇಶದ ಮಾನಕ ಐಎಸ್ 2470 ಹೇಳುವುದು. ಅಲ್ಲಿ ನೆಲದಿಂದ ಎತ್ತರಿಸಿದ ದಿಬ್ಬದಲ್ಲಿ ಜಲ್ಲಿ ಹಾಕಿ, ತೂತಿನ ಪೈಪು ಮಲಗಿಸಿದ ಉದ್ದನೆಯ ಇಂಗುಕಾಲುವೆ ಮಾಡಬೇಕು. ಇಂಥ ಜಾಗದಲ್ಲಿ ಧೋ ಅಂತ ಮಳೆ ಸುರಿಯುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಡಿ. ಪ್ಲಾಸ್ಟಿಕ್ ಟ್ಯಾಂಕಾದರೆ ನೆಲದ ನೀರಿನ ಒತ್ತಡಕ್ಕೆ ಮೇಲೆದ್ದು ಪೈಪು ಮುರಿಯುತ್ತದೆ. ಇಟ್ಟಿಗೆಯದ್ದಾದರೆ ಗೋಡೆ ಒಳಗೆ ತಳ್ಳಿಸಿಕೊಳ್ಳಬಹುದು.

ಧಾರವಾಡ, ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಕಥೆ ಬೇರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟ ನೆಲ ನೀರನ್ನು ಗಟಗಟ ಕುಡಿಯುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿದರೆ ಬಿರುಕು ಮುಚ್ಚಿ ಹನಿ ನೀರೂ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಗುಂಡಿ ಕಟ್ಟಿಸಿದವರು ಆಮೇಲೆ ಪಾಡು ಪಡುವುದು ಇದಕ್ಕೇ.

ಮಣ್ಣಿನ ಪರೀಕ್ಷೆ ನೀವೇ ಮಾಡಬಹುದು. ಇಂಗುಗುಂಡಿ ಬರಬೇಕಾದ ಜಾಗದಲ್ಲಿ, ಅಷ್ಟೇ ಆಳಕ್ಕೆ, ಗೇಣಗಲದ ತೂತು ತೋಡಿ. ತಳಕ್ಕೆ ಸ್ವಲ್ಪ ಸಣ್ಣ ಜಲ್ಲಿ ಹಾಕಿ. ನೀರು ತುಂಬಿಸಿ ಒಂದು ರಾತ್ರಿ ಬಿಡಿ, ಮಣ್ಣು ಚೆನ್ನಾಗಿ ನೆನೆಯಲಿ. ಮಾರನೆ ದಿನ ಮತ್ತೆ ಅರ್ಧ ಅಡಿ ನೀರು ಹಾಕಿ, 2.5 ಸೆಂಟಿಮೀಟರ್ ಇಳಿಯಲು ಎಷ್ಟು ಹೊತ್ತು ಅಂತ ಗಡಿಯಾರ ನೋಡಿ. ಅರ್ಧ ಗಂಟೆಯೊಳಗಾದರೆ ಇಂಗುಗುಂಡಿ ನಡೆಯುತ್ತದೆ. ಅರ್ಧದಿಂದ ಒಂದು ಗಂಟೆಯಾದರೆ ಉದ್ದನೆಯ ಇಂಗುಕಾಲುವೆ ಬೇಕು. ಒಂದು ಗಂಟೆ ದಾಟಿದರೆ ಆ ಮಣ್ಣನ್ನು ನಂಬಬೇಡಿ. ಟ್ಯಾಂಕಿನ ನಂತರ ಜಲ್ಲಿ ತುಂಬಿದ ಫಿಲ್ಟರ್ ಕೋಣೆ ಕಟ್ಟಿಸಿ, ಸೋಸಿದ ನೀರು ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ಎಂಜಿನಿಯರ್ ಹತ್ತಿರ ಮಾತಾಡಿ. ನೀವೇ ನಿರ್ಧರಿಸುವ ಹಂತ ಅಲ್ಲಿಗೆ ಮುಗಿಯಿತು.

ವಾಸನೆ, ಸೊಳ್ಳೆ

ಮನೆಯೊಳಗೆ ನಾತ ಬಂದರೆ ಬಳಸದ ಬಚ್ಚಲಿಗೆ ಹೋಗಿ ಜಾಲರಿಗೆ ಎರಡು ಚೊಂಬು ನೀರು ಹಾಕಿ. ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ ನಿಲ್ಲುವ ನೀರು ಒಣಗಿದರೆ ಪೈಪಿನ ಗಾಳಿ ನೇರ ಒಳಗೆ ಬರುತ್ತದೆ. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದ ಮನೆಗಳಲ್ಲಿ ಹೆಚ್ಚಾಗಿ ಇಷ್ಟೇ ಆಗಿರುತ್ತದೆ. ಹೊರಗೆ ವಾಸನೆಯಾದರೆ ಚಪ್ಪಡಿಯ ಸಂದು, ಇಲ್ಲವೇ ವೆಂಟ್ ಪೈಪು ಕಿಟಕಿಯ ಮಟ್ಟಕ್ಕೇ ನಿಂತಿರುವುದು ಕಾರಣ. ಪೈಪನ್ನು ತಾರಸಿಗಿಂತ ಮೇಲೆ ಏರಿಸಿ. ಸಂಜೆ ಅದರ ಬಾಯಿಂದ ಸೊಳ್ಳೆ ಹಿಂಡುಹಿಂಡಾಗಿ ಹೊರಡುತ್ತವೆ. ಸೊಳ್ಳೆಪರದೆಯ ತುಂಡನ್ನು ಬಾಯಿಗೆ ತಂತಿಯಿಂದ ಬಿಗಿದರೆ ಆಯಿತು.

ಬಾವಿ ನೀರಿನಲ್ಲಿ ವ್ಯತ್ಯಾಸ, ಮನೆಯವರಿಗೆ ಹೊಟ್ಟೆ ಕೆಡುತ್ತಿದೆ

ಇಲ್ಲಿ ಕಾಯಬೇಡಿ. ಬಾವಿ ನೀರಿಗೆ ವಾಸನೆ ಬಂದರೆ, ಸೋಪಿನ ನೊರೆ ಕಂಡರೆ, ಒಬ್ಬರಾದ ಮೇಲೆ ಒಬ್ಬರಿಗೆ ಭೇದಿಯಾಗುತ್ತಿದ್ದರೆ ಆ ನೀರು ಕುಡಿಯುವುದನ್ನು ಇವತ್ತೇ ನಿಲ್ಲಿಸಿ. ಬೇರೆ ನೀರು ಸಿಗುವವರೆಗೆ ಕೊತಕೊತ ಕುದಿಸಿ ಕುಡಿಯಿರಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಆದ್ದರಿಂದ ಎಳೆ ಮಗು ಇರುವ ಮನೆಯಲ್ಲಿ ಕುದಿಸಿದ್ದೂ ಬೇಡ, ಬೇರೆ ಕಡೆಯ ನೀರು ತನ್ನಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ. ಅಲ್ಲಿ ಇ-ಕೋಲಿ ಇದೆ ಅಂತ ಬಂದರೆ ಮಲ ಸೇರಿದೆ ಅಂತಲೇ ಅರ್ಥ.

ಐಎಸ್ 2470 ಪ್ರಕಾರ ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್, ಸುಮಾರು 60 ಅಡಿ ಅಂತರ ಬೇಕು. ಮೂವತ್ತು ನಲವತ್ತು ಅಡಿಯ ಸೈಟಿನಲ್ಲಿ ಇದು ಕಷ್ಟ ಅಂತ ನನಗೂ ಗೊತ್ತು. ನಿಮ್ಮ ಗುಂಡಿ ದೂರ ಇದ್ದರೂ ಪಕ್ಕದ ಮನೆಯದ್ದು ನಿಮ್ಮ ಬಾವಿಯ ಪಕ್ಕದಲ್ಲೇ ಇರಬಹುದು. ಜಂಬಿಟ್ಟಿಗೆ ನೆಲದಲ್ಲಿ ನೀರು ಸೀಳು, ಬಿಲಗಳ ಮೂಲಕ ಬೇಗ ಓಡುತ್ತದೆ, ಸೋಸುವುದಿಲ್ಲ. ಅಲ್ಲಿ 60 ಅಡಿಯೂ ಸಾಲದು. ಅಕ್ಕಪಕ್ಕದವರ ಜೊತೆ ಜಗಳಕ್ಕೆ ಹೋಗದೆ, ಎಲ್ಲರ ಗುಂಡಿ, ಬಾವಿಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿ ಕೂತು ಮಾತಾಡಿ. ನೀರಿನ ವರದಿ ಕೈಯಲ್ಲಿದ್ದರೆ ಪಂಚಾಯ್ತಿಯಲ್ಲೂ ಮಾತಿಗೆ ತೂಕ ಬರುತ್ತದೆ.

ಚಪ್ಪಡಿ ಕುಸಿದಿದೆ, ನೆಲ ಬಿರುಕು ಬಿಟ್ಟಿದೆ

ಯಾವ ಪರೀಕ್ಷೆಯೂ ಬೇಡ. ಸುತ್ತ ಹಗ್ಗ ಕಟ್ಟಿ, ಯಾರೂ ಹತ್ತಿರ ಹೋಗದಂತೆ ಮಾಡಿ. ಕಾಂಕ್ರೀಟಿನ ಒಳಗಿನ ಕಂಬಿಯನ್ನು ಟ್ಯಾಂಕಿನ ಗಾಳಿಯೇ ತಿಂದಿರುತ್ತದೆ. ಮೇಲೆ ನೋಡಲು ಗಟ್ಟಿ, ಕೆಳಗೆ ಟೊಳ್ಳು. ಟ್ಯಾಂಕಿನ ಮೇಲೆ ಕಾರು ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತಿಗೇ ಬಿಡಿ. ಎಂಜಿನಿಯರ್ ಬಂದು ನೋಡುವವರೆಗೆ ಆ ಕಡೆ ಓಡಾಟ ಬೇಡ.

ಗಾಡಿ ಕರೆಸುವುದೇ ಸರಿ ಅಂತಾದಾಗ

ಗಸಿ ಅಳತೆ ಮೀರಿದೆ, ಗಾಡಿ ಬೇಕೇ ಬೇಕು ಅಂತ ಖಚಿತವಾದರೆ ನಗರಸಭೆ, ಪುರಸಭೆಗೆ ಫೋನ್ ಮಾಡಿ ವಿಚಾರಿಸಿ. 14420 ಸಹಾಯವಾಣಿಯೂ ಇದೆ. ಮಾತಾಡುವಾಗಲೇ ಎರಡು ಪ್ರಶ್ನೆ ಕೇಳಿ. ಯಂತ್ರದಲ್ಲೇ ಎಳೆಯುತ್ತೀರಾ, ಒಳಗೆ ಯಾರೂ ಇಳಿಯುವುದಿಲ್ಲ ಅಲ್ವಾ? ಎಳೆದದ್ದನ್ನು ಎಲ್ಲಿ ಸುರಿಯುತ್ತೀರಿ? ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಗಸಿ ಊರಾಚೆಯ ಹಳ್ಳಕ್ಕೋ ಕೆರೆಯ ಕೋಡಿಗೋ ಬಿದ್ದರೆ ಅದು ಯಾರದೋ ಬಾವಿಗೆ ಹೋಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಗಸಿಗೆಂದೇ ಸಂಸ್ಕರಣಾ ಘಟಕ ಶುರುವಾಯಿತು, ಆಮೇಲೆ ಬೇರೆ ಊರುಗಳಿಗೂ ಬಂದಿದೆ. ನಿಮ್ಮ ಹತ್ತಿರ ಅಂಥದ್ದಿದ್ದರೆ ಅಲ್ಲಿಗೇ ಒಯ್ಯಲು ಹೇಳಿ, ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಎಳೆಯುವಾಗ ತಳದ ಗಸಿಯೂ ಬರಬೇಕು. ಮೇಲಿನ ನೀರು ಮಾತ್ರ ಎಳೆದು ಹೋಗುವವರಿದ್ದಾರೆ. ಉದ್ದನೆಯ ಗಳದಿಂದ ಮೇಲಿನಿಂದಲೇ ಕಲಕಿಸಿ, ಪೈಪು ತಳಕ್ಕೆ ಇಳಿಸಿದ್ದಾರಾ ನೋಡಿ. ತೊಳೆದು ಹೊಳೆಯುವಂತೆ ಮಾಡುವುದು ಬೇಡ. ತಳದಲ್ಲಿ ಒಂದಿಂಚು ಗಸಿ ಉಳಿದರೆ ಹೊಸದಾಗಿ ಬರುವುದನ್ನು ಕೊಳೆಸಲು ಅದೇ ಹೆಪ್ಪು. ಗಾಡಿ ಹೊರಟ ಮೇಲೆ ಟ್ಯಾಂಕಿಗೆ ನೀರು ತುಂಬಿಸಿ, ಚಪ್ಪಡಿಯ ಸಂದಿಗೆ ಗಾರೆ ಮೆತ್ತಿಸಿ. ಮುಚ್ಚಳ ಎಲ್ಲಿದೆ, ಹೊರಹೋಗುವ ಪೈಪು ಯಾವ ಕಡೆ, ಇಂಗುಗುಂಡಿ ಎಷ್ಟು ಹೆಜ್ಜೆ ದೂರ ಅಂತ ತಾರೀಖಿನ ಸಮೇತ ಬರೆದು, ಮನೆ ಪತ್ರಗಳ ಜೊತೆ ಇಡಿ. ಎರಡು ವರ್ಷ ಆಗುತ್ತಿದ್ದಂತೆ ಪಂಚೆ ಸುತ್ತಿದ ಗಳ ಇಳಿಸಿ ಮತ್ತೆ ಅಳೆಯಿರಿ.